ಕೆಳಗಿನ ಹಲಗೆ

ಮೊಬೈಲು ಟಿಣ್ ಅಂದಾಗ ಬನಶ್ರೀ ಅಂಗಡಿಯ ಕಸ ಗುಡಿಸುತ್ತಿದ್ದಳು. ಕಸಬರಿಗೆಯನ್ನು ಕಂಕುಳಲ್ಲಿ ಅವುಚಿಕೊಂಡೇ ನೋಡಿದಳು, ನೋಡಿ ಅವಳಿಗೆ ಖುಷಿಯಾಯಿತು. ಆ ಖುಷಿ ಆಮೇಲೆ ದಿನವಿಡೀ ಅವಳನ್ನು ಚುಚ್ಚಲಿತ್ತು. ದೀಪಾವಳಿಗೆ ಶುರು ಮಾಡಿದ ಆ್ಯಪಿಗೆ ಹಳ್ಳಿಗಳ ಗಿರಾಕಿ ಇನ್ನೂ ಯಾರೂ ಬಂದಿರಲಿಲ್ಲ. ಬಂದವರೆಲ್ಲ ಗಜೇಂದ್ರಗಡದವರೇ, ಅವಳ ಗೆಳತಿಯರು, ಗೆಳತಿಯರ ಅಕ್ಕಂದಿರು. ಈಗ ಜಕ್ಕಲಿಯ ದ್ಯಾಮಪ್ಪ! ಅಪ್ಪನ ಹಳೆಯ ಗಿರಾಕಿ, ಸುಗ್ಗಿ ಮುಗಿದ ಮೇಲೆ ಮನೆಮಂದಿಯನ್ನೆಲ್ಲ ಟ್ರ್ಯಾಕ್ಟರಿನಲ್ಲಿ ಹೇರಿಕೊಂಡು ಬಂದು, ಗಾದಿಯ ಮೇಲೆ ಕಾಲು ಚಾಚಿ ಕೂತು, ಎರಡೆರಡು ಸಲ ಚಹ ಕುಡಿದು ಸೀರೆ ಒಯ್ಯುವ ರೈತ. ಅಂಥವನೂ ಹೊತ್ತು ಏರುವ ಮೊದಲೇ ಮೊಬೈಲಿನಲ್ಲಿ ಸೀರೆ ಆರಿಸಿದ್ದಾನೆಂದರೆ! ಕುಬಸದ ಸೀರೆಗಳು ಎಂಬ ವಿಭಾಗದಿಂದ ಒಂದು, ಹಸಿರು, ಕೈಮಗ್ಗದ್ದು, ಮುಟ್ಟಿಸಬೇಕಾದದ್ದು ಹೊಳೆಆಲೂರಿಗೆ, ಇವತ್ತೇ, ಮಧ್ಯಾಹ್ನದೊಳಗೆ. ಯಾವುದೋ ಮನೆಯ ಹೆಣ್ಣುಮಗಳು ಬಸುರಿ, ತವರಿನವರು ಹಸಿರು ಸೀರೆ ಉಡಿಸಿ ಕುಬಸ ಮಾಡಲಿದ್ದಾರೆ, ಒಳ್ಳೆಯದಾಗಲಿ. ಅಪ್ಪ ಬರಲಿ, ನೀ ನಕ್ಕಿದ್ದಿ ಅಲ್ಲ, ನೋಡೀಗ, ಅನ್ನಬೇಕು ಎಂದುಕೊಳ್ಳುತ್ತ ಪರದೆಯನ್ನು ಸರಿಸಿದಳು. ಗಿರಾಕಿ ಏನಾದರೂ ಹೇಳುವುದಿದ್ದರೆ ಹೇಳಲಿ ಎಂದು ಅವಳೇ ಕೊನೆಯಲ್ಲಿ ಬಿಟ್ಟಿದ್ದ ಜಾಗದಲ್ಲಿ ಯಾರೋ ಅವಸರದಿಂದ ಬರೆದಿದ್ದರು: ಖಣ ಬ್ಯಾಡ. ಅರಿಷಿಣ ಹಚ್ಚಬ್ಯಾಡ್ರಿ.

ಕಸಬರಿಗೆ ಜಾರಿ ಕಾಲ ಮೇಲೆ ಬಿತ್ತು. ರವಿಕೆಯ ಖಣವಿಲ್ಲದ, ಸೆರಗಿಗೆ ಅರಿಷಿಣ ತಾಗಿಸದ ಹಸಿರು ಸೀರೆ ಯಾವುದೆಂದು ಅವಳಿಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಗಂಡನಿರುವಾಗಲೇ ಕಣ್ಣು ಮುಚ್ಚಿದ ಮುತ್ತೈದೆಗೆ ತವರಿನವರು ತಂದು ಉಡಿಸುವ ಸೀರೆ ಅದು. ಅಂಗಡಿಯಲ್ಲಿ ಅದರ ಜಾಗ ಬಾಗಿಲ ಎಡಕ್ಕೆ, ಕಪಾಟಿನ ಕೆಳಗಿನ ಹಲಗೆ. ಅದಕ್ಕೆ ಹೆಸರಿಲ್ಲ. ಬೇಕಾದವರು ಚಪ್ಪಲಿ ಬಿಡುವುದಿಲ್ಲ, ಗಾದಿ ಹತ್ತುವುದಿಲ್ಲ, ಹೊಸ್ತಿಲ ಬಳಿ ನಿಲ್ಲುತ್ತಾರೆ, ಅಷ್ಟೇ. ಅವಳಪ್ಪ ಗವಿಸಿದ್ದಪ್ಪ ಎದ್ದು ಬಂದು, ಮಂಡಿ ನೋವನ್ನು ಹಲ್ಲು ಕಚ್ಚಿ ಸಹಿಸಿ ಬಗ್ಗಿ, ಒಂದು ಸೀರೆ ತೆಗೆದು, ಅಂಗಡಿಯ ಚೀಲದಲ್ಲಲ್ಲ, ಹಳೆಯ ಪೇಪರಿನಲ್ಲಿ ಸುತ್ತಿ ಕೊಡುತ್ತಾನೆ. ಚೌಕಾಶಿ ಇಲ್ಲ. ಎಲ್ಲರಿಗೂ ಅನ್ನುವ ಹಾಗೆ 'ಹೋಗಿ ಬರ್ರಿ' ಅನ್ನುವುದಿಲ್ಲ. ಸತ್ತವರ ಮನೆಯಿಂದ ಎದ್ದು ಹೊರಡುವವರು 'ಬರ್ತೀನಿ' ಅನ್ನುತ್ತಾರೆಯೇ? ಹಾಗೆ. ಸಣ್ಣವಳಿದ್ದಾಗ ಒಮ್ಮೆ ಅವಳು ಕೇಳಿದ್ದಳು, ಅವರು ಬಾಯೇ ತೆರೀಲಿಲ್ಲಲ್ಲಪ್ಪಾ, ನಿನಗ ಹ್ಯಾಂಗ ಗೊತ್ತಾತು? ಅಪ್ಪ ಮಡಿಕೆ ಬಿಚ್ಚಿದ ಸೀರೆಗಳನ್ನು ಮತ್ತೆ ಮಡಚುತ್ತ, ತಲೆ ಎತ್ತದೆ, ಎಲ್ಲಿ ನಿಂತಿದ್ರು ನೋಡಲಿಲ್ಲೇನು, ಅಂದಿದ್ದ.

ಎಲ್ಲಿ ನಿಂತಿದ್ದರು. ದ್ಯಾಮಪ್ಪ ಎಲ್ಲಿ ನಿಲ್ಲಬೇಕಿತ್ತು? ಅವಳು ಕಟ್ಟಿದ ಆ್ಯಪಿನಲ್ಲಿ ಹೊಸ್ತಿಲೇ ಇರಲಿಲ್ಲ. ಬಾಗಿಲು ತೆರೆದರೆ ಮದುವೆ, ಕುಬಸ, ಹಬ್ಬ, ದಿನಬಳಕೆ ಎಂಬ ನಾಲ್ಕು ಚಂದದ ಚೌಕ. ಎಲ್ಲ ಸೀರೆಗಳನ್ನೂ ಹಂಚಿ ಮುಗಿದ ಮೇಲೆ ಕೆಳಗಿನ ಹಲಗೆಯವು ಉಳಿದಿದ್ದವು. ಅವಳು ಕೇಳಿದ್ದಳು: ಅಪ್ಪಾ, ಇವನ್ನ ಯಾವುದರಾಗ ಹಾಕ್ಲಿ? ಹಾಕಬ್ಯಾಡ, ಬೇಕಾದವರು ಬರ್ತಾರ, ಅಂದಿದ್ದ ಅಪ್ಪ. ಹಂಗ ನಡೆಯೂದಿಲ್ಲಪ್ಪಾ, ಅಂಗಡ್ಯಾಗ ಇದ್ದದ್ದೆಲ್ಲಾ ಅದರಾಗ ಇರಬೇಕು, ಹೆಸರಿಲ್ಲದ ಜಾಗ ಇದ್ರ ಮಂದಿ ಹುಡುಕೂದು ಹ್ಯಾಂಗ, ಅಂದಿದ್ದಳು ಅವಳು. ಹುಬ್ಬಳ್ಳಿಯಲ್ಲಿ ಕಲಿತು ಬಂದ ಮಾತು. ಅಪ್ಪ ಎದ್ದು ಗಾದಿ ಕೊಡವಲು ಹೋಗಿದ್ದ. ಆಮೇಲೆ ಅವಳ ಬೆರಳು ಆ ಚಿತ್ರಗಳನ್ನು ಒಂದೊಂದಾಗಿ ಎಳೆದು ಕುಬಸದ ಚೌಕದೊಳಗೆ ಬಿಟ್ಟಿತ್ತು. ಎರಡೂ ಹಸಿರು, ಎರಡೂ ತವರಿನವರು ತರುವಂಥವು, ನೇಯ್ಗೆಯೂ ಅದೇ, ಯಾರಿಗೆ ಗೊತ್ತಾಗುತ್ತದೆ? ಮೊದಲನೆಯದನ್ನು ಬಿಡುವಾಗ ಬೆರಳು ಒಂದು ಗಳಿಗೆ ತಡೆದದ್ದು ನಿಜ. ತಡೆದಿತ್ತು, ಮರೆತೆನೆಂದು ಈಗ ಸುಳ್ಳು ಹೇಳಿಕೊಳ್ಳಲು ಬರುವುದಿಲ್ಲ. ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ ಹಾಕಿದಳು, ಏಕೆಂದರೆ ಆ ಹಲಗೆಯನ್ನು ಕಂಡರೆ ಅವಳಿಗೆ ನಾಚಿಕೆಯಾಗುತ್ತಿತ್ತು. ಜೊತೆಗೆ ಕಲಿತವರು ಯಾರಾದರೂ ನೋಡಿ, ಇದೇನೇ ನಿಮ್ಮ ಅಂಗಡಿಯಲ್ಲಿ ಹೆಣದ ಸೀರೆಗೂ ಒಂದು ಚೌಕವೇ ಎಂದು ನಕ್ಕಾರೆಂಬ ನಾಚಿಕೆ. ಥೂ ನನ್ನ, ಎಂದು ಅವಳು ಖಾಲಿ ಅಂಗಡಿಯಲ್ಲಿ ಗಟ್ಟಿಯಾಗಿ ಅಂದಳು.

ಅದಕ್ಕಿಂತ ದೊಡ್ಡದೊಂದಿತ್ತು, ಅದು ನೆನಪಾದದ್ದು ಸೀರೆಯನ್ನು ಪೇಪರಿನಲ್ಲಿ ಸುತ್ತುವಾಗ. ಯಾವ ಚೌಕದಿಂದ ಸೀರೆ ಆರಿಸಿದರೂ ಅದಕ್ಕೆ ತಕ್ಕ ಒಂದು ಹಾರೈಕೆ ಗಿರಾಕಿಗೆ ತಾನಾಗಿ ಹೋಗುತ್ತಿತ್ತು. ಓದು ಬಾರದ ಅಜ್ಜಿಯರಿಗೂ ತಿಳಿಯಲೆಂದು ಅದು ಮುಟ್ಟಿದ ಕೂಡಲೇ ತಾನೇ ಮಾತಾಡುತ್ತಿತ್ತು ಕೂಡ. ಯಂತ್ರದ ದನಿ ಬೇಡ, ಮನೆಮಗಳ ದನಿ ಇರಲಿ ಎಂದು, ಒಂದು ಮಧ್ಯಾಹ್ನ ಕದ ಹಾಕಿಕೊಂಡು, ಬೀದಿಯ ಸದ್ದು ಬರದಂತೆ ತಲೆಯ ಮೇಲೆ ಕೌದಿ ಹೊದ್ದು, ಅವಳೇ ಮಾತಾಡಿ ತುಂಬಿಸಿದ್ದಳು. 'ನಿಮ್ಮ ಮನೆಯ ಕುಬಸದ ಸಂಭ್ರಮಕ್ಕೆ ನಮ್ಮ ಶುಭಾಶಯ! ಮತ್ತ ಬರ್ರಿ!' ನಗುನಗುತ್ತ ಅನ್ನಬೇಕು, ನಕ್ಕರೆ ದನಿಯಲ್ಲಿ ಕೇಳಿಸುತ್ತದೆ ಎಂದು ಮತ್ತೆ ಮತ್ತೆ ಅಂದು ನೋಡಿ, ಚೆನ್ನಾಗಿ ನಕ್ಕದ್ದನ್ನು ಇಟ್ಟುಕೊಂಡಿದ್ದಳು. ಇಲ್ಲಿ ಟಿಣ್ ಅನ್ನುವ ಮೊದಲೇ ಅಲ್ಲಿ ಅದು ಮುಟ್ಟಿರುತ್ತದೆ. ವಾಪಸು ಕರೆಯಲು ಬರುವುದಿಲ್ಲ. ದ್ಯಾಮಪ್ಪ ಯಾಕಾದರೂ ಆ್ಯಪಿಗೆ ಹೋದ ಎಂದು ಮೊಬೈಲು ಕೆದಕಿದರೆ, ನಸುಕಿನಲ್ಲಿ ಅಂಗಡಿಯ ನಂಬರಿಗೆ ಅವನ ಕರೆಗಳು ಬಂದಿದ್ದವು, ಒಂದರ ಬೆನ್ನಿಗೊಂದು. ಅಂಗಡಿ ತೆರೆಯುವ ಮೊದಲು ಕರೆ ಮಾಡಿದವರಿಗೆಲ್ಲ ಅವಳದೇ ದನಿ, ಈಗ ಕೂತಲ್ಲೇ ನಮ್ಮ ಆ್ಯಪಿನಾಗ ಸೀರಿ ಆರಸ್ರಿ, ಅನ್ನುತ್ತಿತ್ತು. ಹಾಗೆ ಮಾಡಿಟ್ಟವಳೂ ಅವಳೇ.

ಅಪ್ಪ ಬರುವುದರೊಳಗೆ ಅವಳು ಬಾಗಿಲು ಹಾಕಿ ಬಸ್‌ಸ್ಟ್ಯಾಂಡಿಗೆ ನಡೆದಿದ್ದಳು. ಓಡಿದಳೆಂದೇ ಅನ್ನಬೇಕು. ರೋಣದ ಬಸ್ಸಿನಲ್ಲಿ ಕಿಟಕಿಯ ಸೀಟು ಸಿಕ್ಕಿತು, ಸೀರೆಯನ್ನು ತೊಡೆಯ ಮೇಲಿಟ್ಟುಕೊಂಡಳು. ಪಕ್ಕದಲ್ಲಿ ಕೂರಲು ಬಂದ ಹೆಂಗಸೊಬ್ಬಳು ಪೇಪರಿನ ಹರಕಿನಲ್ಲಿ ಇಣುಕಿದ ಹಸಿರನ್ನು ನೋಡಿ, ಇವಳ ಮುಖ ನೋಡಿ, ಹಿಂದಿನ ಸೀಟಿಗೆ ಹೋದಳು. ಗುಡ್ಡದ ಮೇಲೆ ಗಾಳಿಯಂತ್ರಗಳು ತಿರುಗುತ್ತಿದ್ದವು. ದ್ಯಾಮಪ್ಪ ಅದನ್ನು ಕೇಳಿರಲಿಕ್ಕಿಲ್ಲ. ಸಾವಿನ ಮನೆಯಲ್ಲಿ ಮೊಬೈಲಿನ ಮಾತು ಯಾರಿಗೆ ಕೇಳಿಸುತ್ತದೆ? ಸದ್ದು ಬಂದ್ ಮಾಡಿಟ್ಟಿರಬಹುದು. ಬ್ಯಾಟರಿ ಮುಗಿದಿರಬಹುದು. ಹೊಳೆಆಲೂರಿನಲ್ಲಿ ನೆಟ್‌ವರ್ಕ್ ಹಾಗೂ ಹೀಗೂ. ಹೀಗೆ ಒಂದೊಂದೇ ಸಮಾಧಾನ ಹೆಣೆದುಕೊಳ್ಳುತ್ತಿದ್ದವಳಿಗೆ ಥಟ್ಟನೆ ತಾನು ಬೇಡಿಕೊಳ್ಳುತ್ತಿರುವುದು ಏನೆಂದು ಕಂಡಿತು: ಒಬ್ಬ ಮನುಷ್ಯ ಅಳುತ್ತ ಕೂತಿರಲಿ, ಮೊಬೈಲಿನ ದನಿ ಕೇಳಿಸದಷ್ಟು ಅಳಲಿ, ನನ್ನ ಮಾನ ಉಳಿಯಲಿ. ಎಂಥ ಹೆಣ್ಣು ನಾನು! ಹೊಲಗಳಲ್ಲಿ ಬಿಳಿಜೋಳ ತೆನೆ ಹಿರಿದು ನಿಂತಿತ್ತು, ಕಡಲೆಗೆ ಹೂ ಬಂದಿತ್ತು. ಕಂಡಕ್ಟರ್ ಬಂದು ಟಿಕೆಟ್ ಎಂದಾಗ ಅವಳು ರೋಣ ಅಂದಳು, ಬಸ್ಸು ಹೋಗುವುದೇ ಅಲ್ಲಿಯವರೆಗೆ. ಅಲ್ಲಿಂದಲೇ ಹಿಂದಿರುಗಬಹುದೆಂಬ ಆಸೆಯೂ ಎಲ್ಲೋ ಇದ್ದಿರಬೇಕು.

ನರಗುಂದದಲ್ಲಿ ಚಪ್ಪಾಳೆ ತಟ್ಟಿದ್ದರು. ಹೋದ ತಿಂಗಳು ಅಲ್ಲಿಯ ಕಾಲೇಜೊಂದರಲ್ಲಿ ಮಾತಾಡಲು ಕರೆದಿದ್ದರು, ಮೊಬೈಲಿನಲ್ಲಿ ವ್ಯಾಪಾರ ಮಾಡುವುದು ಹೇಗೆ ಎಂದು. ಅವಳು ಹೇಳಿದ್ದಳು: ಬಣ್ಣ ಚಂದ ಇದ್ದರೆ ಸಾಲದು, ಯಾವುದು ಎಲ್ಲಿರಬೇಕು, ಯಾವುದರ ಪಕ್ಕ ಯಾವುದು ಇರಬೇಕು ಅನ್ನುವುದರಲ್ಲೇ ಎಲ್ಲ ಇದೆ. ಬಂದವರು ಯೋಚಿಸಬಾರದು, ಅವರ ಕೈ ತಾನಾಗಿ ಬೇಕಾದಲ್ಲಿಗೆ ಹೋಗಬೇಕು. ಈ ಮಾತಿನಲ್ಲಿ ತಪ್ಪೇನಿತ್ತು? ಏನೂ ಇರಲಿಲ್ಲ, ಇವತ್ತೂ ಅದೇ ಮಾತು ನಿಜ, ಅದೇ ಅವಳ ಎದೆಗೆ ಒದೆಯುತ್ತಿತ್ತು. ಆಮೇಲೆ ಗೋಡೆಯ ಮೇಲೆ ಅಪ್ಪನ ಕಪಾಟಿನ ಚಿತ್ರ ಬಂತು. ಹುಡುಗ ಹುಡುಗಿಯರು ಆಕಳಿಸುತ್ತಿದ್ದರು, ಅವರನ್ನು ನಗಿಸಬೇಕೆನಿಸಿತು. ನೋಡ್ರಿ, ನಮ್ಮಪ್ಪನ ಅಂಗಡ್ಯಾಗ ಒಂದು ಹಲಗಿ ಐತಿ, ಅದಕ್ಕ ಹೆಸರಿಲ್ಲ, ಅದರ ಬಗ್ಗೆ ಯಾರೂ ಮಾತಾಡಂಗಿಲ್ಲ, ಗಿರಾಕಿ ಕೇಳಂಗಿಲ್ಲ, ನಮ್ಮಪ್ಪ ಹೇಳಂಗಿಲ್ಲ, ವ್ಯಾಪಾರ ನಡೆಯೂದು ಹ್ಯಾಂಗ? ಎಂದು ಕೈ ತಿರುವಿ ಕೇಳಿದಳು. ನಕ್ಕರು ನೋಡಿ! ಹಿಂದಿನ ಬೆಂಚಿನವರು ಡೆಸ್ಕು ಬಡಿದು ನಕ್ಕರು. ಅಪ್ಪ ಮೊದಲ ಸಾಲಿನಲ್ಲಿ ಕೂತಿದ್ದ. ಮಗಳು ಮಾತಾಡುತ್ತಾಳೆಂದು ಇಸ್ತ್ರಿ ಮಾಡಿದ ಧೋತರ ಉಟ್ಟು, ಹಬ್ಬಕ್ಕೆ ತೆಗೆಯುವ ಟೋಪಿ ಹಾಕಿಕೊಂಡು ಬಂದಿದ್ದ. ಎಲ್ಲರೂ ನಗುವುದು ಕಂಡು, ಸುತ್ತ ನೋಡಿ, ತಾನೂ ನಕ್ಕ. ಆ ನಗೆಯನ್ನು ಅವಳು ಅವತ್ತು ಹೆಮ್ಮೆ ಎಂದುಕೊಂಡಿದ್ದಳು. ಬಸ್ಸು ಗುಂಡಿಯಲ್ಲಿ ಇಳಿದು ಎದ್ದಾಗ ಅವಳ ತಲೆ ಕಿಟಕಿಯ ಸರಳಿಗೆ ಬಡಿಯಿತು, ಒಳ್ಳೆಯದಾಯಿತು ಅನ್ನಿಸಿತು. ಅಷ್ಟರಲ್ಲಿ ಮೊಬೈಲು ರಿಂಗಾಯಿತು, ಅಪ್ಪ.

"ಎಲ್ಲಿ ಅದಿಯವ್ವಾ? ಬಾಗಲಾ ಹಾಕಿದ್ದಿ."

"ರೋಣಕ್ಕ ಹೊಂಟೀನಪ್ಪಾ. ಸಣ್ಣ ಕೆಲಸ ಐತಿ."

ಅತ್ತ ಕಡೆಯಿಂದ ಅಂಗಡಿಯ ಷಟರು ಮೇಲೆ ಸರಿದ ಸದ್ದು, ಆಮೇಲೆ ಕಪಾಟಿನ ಕಡೆ ಹೆಜ್ಜೆಯ ಸದ್ದು.

"ಕೆಳಗಿಂದು ಒಂದು ತಗೊಂಡು ಹೋಗೀದಿ," ಅಂದ ಅಪ್ಪ.

"ಹೂಂ."

"ಯಾರವ್ವಾ?"

"ಜಕ್ಕಲಿ ದ್ಯಾಮಪ್ಪನವರದು. ಹೊಳಿಆಲೂರಿಗೆ."

"ಅಯ್ಯ ಶಿವನ! ಹನುಮವ್ವ. ಅವನ ಅಕ್ಕ." ಅಪ್ಪ ಕೆಮ್ಮಿದ. "ಆಕಿ ಮದುವಿ ಸೀರಿ ನಾನ ನೇದಿದ್ದೆ, ನಿಮ್ಮಜ್ಜನ ಮಗ್ಗದಾಗ. ದ್ಯಾಮಪ್ಪ ಬಂದಿದ್ನೇನು?"

"ಇಲ್ಲ... ಫೋನ್ ಬಂದಿತ್ತು."

"ನೀ ಏನಂದಿ?"

ಅವಳು ಸೀರೆಯನ್ನು ಒತ್ತಿ ಹಿಡಿದಳು. "ಏನೂ ಅನ್ನಲಿಲ್ಲಪ್ಪಾ."

"ಚಲೋ ಮಾಡಿದಿ. ಏನೂ ಅನ್ನಬಾರ್ದವ್ವಾ. ಕೊಟ್ಟು ಸುಮ್ಮನ ಬಾ."

ರೋಣದಲ್ಲಿ ಇಳಿದು ಹೊಳೆಆಲೂರಿನ ಬಸ್ಸಿಗೆ ಕಾಯುವಾಗ, ಸಂತೆಗೆ ಬಂದವರ ಗದ್ದಲದ ನಡುವೆ ನಿಂತು ಅವಳು ಆಡಬೇಕಾದ ಮಾತುಗಳನ್ನು ಹೊಂದಿಸಿಕೊಂಡಳು. ಯಂತ್ರ ತಪ್ಪು ಮಾಡಿತ್ರಿ, ಎನ್ನಬಹುದು. ಎಲ್ಲರೂ ಒಪ್ಪುವ ಮಾತು. ಯಂತ್ರಕ್ಕೆ ಮಾನವೂ ಇಲ್ಲ ಮರ್ಯಾದೆಯೂ ಇಲ್ಲ, ಏನು ಹೊರಿಸಿದರೂ ಹೊತ್ತುಕೊಳ್ಳುತ್ತದೆ. ಇಲ್ಲವೇ ಯಾರ ಕೈಗಾದರೂ ಕೊಟ್ಟು ಕಳಿಸಬಹುದು, ಹೊಳೆಆಲೂರಿಗೆ ಹೋಗುವವರು ಇಲ್ಲಿ ಬೇಕಾದಷ್ಟು ಜನ. ಹಾಗೆಂದುಕೊಳ್ಳುತ್ತಲೇ ಬಸ್ಸು ಹತ್ತಿದಳು. ಅಪ್ಪನಿಗೆ ಹೇಳಿದ ಸುಳ್ಳು ನೆನಪಾಯಿತು. ಏನೂ ಅನ್ನಲಿಲ್ಲವಂತೆ! ಅಂದದ್ದಷ್ಟೇ ಅಲ್ಲ, ನಗುನಗುತ್ತ ಅಂದಿದ್ದಳು. ಹನುಮವ್ವ ಎಂಬವಳನ್ನು ಅವಳು ಕಂಡದ್ದಿದೆಯೋ ಇಲ್ಲವೋ ನೆನಪಾಗಲಿಲ್ಲ. ದ್ಯಾಮಪ್ಪನ ಟ್ರ್ಯಾಕ್ಟರಿನಿಂದ ಇಳಿಯುತ್ತಿದ್ದ ಹೆಂಗಸರಲ್ಲಿ ಒಬ್ಬಳು ಯಾವಾಗಲೂ ಕೂಸುಗಳ ಅಂಗಿಯ ಬಟ್ಟೆಯನ್ನು ಮುಟ್ಟಿ ನೋಡಿ, ಕೊಳ್ಳದೆ ಇಟ್ಟುಬಿಡುತ್ತಿದ್ದಳು. ಅವಳೇ ಇರಬಹುದೇ? ಛೆ, ಯಾರೋ ಏನೋ. ಹೆದರಿದ ಮನಸ್ಸು ಏನು ಬೇಕಾದರೂ ತಂದು ಮುಂದಿಡುತ್ತದೆ.

ಮನೆ ಸ್ಟೇಷನ್ನಿನ ಆಚೆಗಿತ್ತು, ಕೇಳುವುದೂ ಬೇಕಾಗಲಿಲ್ಲ, ಜನ ಹೋಗುತ್ತಿದ್ದ ಕಡೆ ಹೋದಳು. ಹೊಳೆ ಬಂದಾಗ ನೀರು ನಿಂತ ಗೆರೆ ಗೋಡೆಗಳ ಮೇಲೆ ಎದೆಯೆತ್ತರಕ್ಕೆ ಇನ್ನೂ ಇತ್ತು. ಅಂಗಳದಲ್ಲಿ ಗಂಡಸರು, ಪಡಸಾಲೆಯಲ್ಲಿ ಹೆಂಗಸರು. ಹನುಮವ್ವನನ್ನು ಗೋಡೆಗೆ ಆನಿಸಿ ಕೂಡಿಸಿದ್ದರು. ಹಣೆಗೆ ವಿಭೂತಿ, ಕೈತುಂಬ ಹಸಿರು ಬಳೆ, ಮೈಮೇಲೆ ಮಾತ್ರ ಇನ್ನೂ ನಿನ್ನೆಯ ಮಾಸಿದ ಸೀರೆ. ಎಲ್ಲರೂ ಈ ಸೀರೆಗಾಗಿ ಕಾಯುತ್ತಿದ್ದರು. ಬನಶ್ರೀ ಹೊಸ್ತಿಲ ಬಳಿ ನಿಂತಳು. ಚಪ್ಪಲಿ ಬಿಡಲಿಲ್ಲ, ಒಳಗೆ ಹೋಗಲಿಲ್ಲ, ಬಾಯಿ ತೆರೆಯಲಿಲ್ಲ. ಮೂಲೆಯಲ್ಲಿದ್ದ ದ್ಯಾಮಪ್ಪ ಅವಳನ್ನು ಕಂಡು ತಾನಾಗಿ ಎದ್ದು ಬಂದು ಎರಡೂ ಕೈ ಚಾಚಿದ. ಅವಳು ಕೊಟ್ಟಳು. ಮುಗಿಯಿತು, ಅಪ್ಪ ಹೇಳಿದಂತೆ ಕೊಟ್ಟಾಯಿತು, ಇನ್ನು ತಿರುಗಿ ನಡೆದರಾಯಿತು. ಆದರೆ ಅವನು ಕೆಂಪಗಾದ ಕಣ್ಣೆತ್ತಿ ಮೆಲ್ಲಗೆ ಕೇಳಿದ:

"ಅಪ್ಪ ಬರಲಿಲ್ಲೇನು, ತಂಗೀ?"

"ಇಲ್ರಿ ಕಾಕಾ. ಅಪ್ಪಗ ಮೊಣಕಾಲ ನೋವ್ರಿ."

ಪಡಸಾಲೆಯಲ್ಲಿ ಅಳು ನಿಂತಿತು. ಹೆಣದ ಪಕ್ಕ ಕೂತಿದ್ದ ಮುದುಕಿಯೊಬ್ಬಳು, ಹನುಮವ್ವನ ನಾದಿನಿ ಮುದುಕವ್ವ, ಬಾಯಿಗೆ ಒತ್ತಿದ್ದ ಸೆರಗು ತೆಗೆದು ಬಾಗಿಲ ಕಡೆ ತಿರುಗಿದಳು.

"ಇದ ದನಿ. ಮುಂಜಾನಿ ಮಾತಾಡಿದ್ದು ಇದ ದನಿ."

"ಇರ್ಲಿ ಬಿಡ್ರಿ ಅಕ್ಕಾರ," ಅಂದ ದ್ಯಾಮಪ್ಪ, ಸೀರೆಯನ್ನು ಎದೆಗೊತ್ತಿಕೊಂಡು. "ಅದು ಮಶಿನ್ ಮಾತಾಡೂದು. ಇಕಿ ಗವಿಸಿದ್ದಪ್ಪನ ಮಗಳು, ಸೀರಿ ತಂದಾಳ."

ಅವನು ಅವಳಿಗೆ ದಾರಿ ಬಿಟ್ಟುಕೊಟ್ಟಿದ್ದ. ಅವನಿಗೂ ದನಿ ಗುರುತು ಸಿಕ್ಕಿತ್ತೆಂಬುದು ಅವನು ಅವಳ ಮುಖ ನೋಡದೆ ಮಾತಾಡಿದ್ದರಲ್ಲೇ ಗೊತ್ತಾಗುತ್ತಿತ್ತು. ಸುಮ್ಮನಿದ್ದರೆ ಸಾಕಿತ್ತು. ಯಂತ್ರ ಹೊತ್ತುಕೊಳ್ಳುತ್ತಿತ್ತು.

"ಮಶಿನ್ ಅಲ್ರಿ," ಅಂದಳು ಬನಶ್ರೀ. "ನಂದ ದನಿ. ಈ ಸೀರಿ ಕುಬಸದ ಸೀರಿಯಾಗ ಇಟ್ಟಾಕಿನೂ ನಾನ. ನಮ್ಮಪ್ಪ ಬ್ಯಾಡ ಅಂದಿದ್ದ. ನನಗ ಗೊತ್ತಿತ್ರಿ, ಗೊತ್ತಿದ್ದು ಇಟ್ಟೆ. ತಪ್ಪಾತ್ರಿ."

"ಹೆಣದ ಮುಂದ ಕುಂತು ಅಳಾಕತ್ತಿದ್ವಿ," ಅಂದಳು ಮುದುಕವ್ವ. ದನಿಯಲ್ಲಿ ಸಿಟ್ಟಿರಲಿಲ್ಲ, ನಡೆದದ್ದನ್ನು ಇನ್ನೊಬ್ಬರಿಗೆ ಹೇಳುವವಳಂತೆ ಹೇಳಿದಳು. "ಇವನ ಕಿಸೇದಾಗಿಂದ ನೀ ನಕ್ಕಿ. ಕುಬಸಕ್ಕ ಶುಭಾಶಯ ಅಂದಿ. ಮತ್ತ ಬರ್ರಿ ಅಂದಿ."

ಬಯ್ಯಲಿ, ಎಂದು ಬನಶ್ರೀ ಬೇಡಿಕೊಂಡಳು. ಎದ್ದು ಬಂದು ಯಾರಾದರೂ ಒಂದು ಏಟು ಹಾಕಲಿ. ಯಾರೂ ಏಳಲಿಲ್ಲ. ಒಳಬಾಗಿಲ ಪಕ್ಕದ ಕಂಬಕ್ಕೆ ಒರಗಿ ಕೂತಿದ್ದ ಗಂಡಸು, ಅಷ್ಟು ಹೊತ್ತು ಅವಳ ಕಣ್ಣಿಗೇ ಬಿದ್ದಿರದವನು, ಗಂಟಲು ಸರಿಮಾಡಿಕೊಂಡ. ಶಿವನಪ್ಪಾ, ನೀ ಸುಮ್ನಿರಪ್ಪಾ, ಎಂದು ಯಾರೋ ಅಂದರು. ಹನುಮವ್ವನ ಗಂಡ.

"ನೀನ ಏನವ್ವಾ?" ಅಂದ ಶಿವನಪ್ಪ. "ಚಲೋ ದನಿ ಐತಿ."

ಅವಳು ತಲೆ ತಗ್ಗಿಸಿದಳು.

"ಮದುವ್ಯಾಗಿ ಇಷ್ಟ ವರ್ಷ ಆತು. ಆಕಿಗೆ ಯಾರೂ ಆ ಮಾತು ಅಂದಿದ್ದಿಲ್ಲ. ನಮಗ ಮಕ್ಕಳಾಗಲಿಲ್ಲ ನೋಡು. ಓಣ್ಯಾಗ ಕುಬಸ ಇದ್ರ ಕರೀತಿದ್ದಿಲ್ಲ, ಕರದ್ರೂ ಆಕಿ ಹೋಗತಿದ್ದಿಲ್ಲ, ಹಿಂದಿನ ಬಾಗಿಲಾಗ ಕುಂತು ಜ್ವಾಳ ಹಸನ ಮಾಡತಿದ್ಲು." ಅವನು ಹೆಂಡತಿಯ ಕಡೆ ನೋಡಿದ. "ಇವತ್ತ ಯಾರೋ ಒಬ್ಬಾಕಿ ಅಂದ್ಲು. ನಕ್ಕೋತ ಅಂದ್ಲು. ನಾ ಆಕಿ ಮಾರಿ ನೋಡಿದೆ, ಕೇಳೀತೇನೋ ಅಂತ."

ದ್ಯಾಮಪ್ಪ ಗೋಡೆಯ ಕಡೆ ತಿರುಗಿ ನಿಂತ. ಹೆಂಗಸರು ಬಂದು ಅವನ ಕೈಯಿಂದ ಪೇಪರಿನ ಗಂಟನ್ನು ತೆಗೆದುಕೊಂಡರು, ಒಬ್ಬಳು ದುಪ್ಪಟಿಯನ್ನು ಅಡ್ಡ ಹಿಡಿದಳು, ಪೇಪರು ಬಿಚ್ಚಿದ ಸದ್ದು ಕೇಳಿಸಿತು. ಬೈದಿದ್ದರೆ ಅದನ್ನು ಹೊತ್ತುಕೊಂಡು ಊರಿಗೆ ಹೋಗಬಹುದಿತ್ತು. ಇದನ್ನು ಏನು ಮಾಡುವುದು? ತಾನು ಮಾಡಿದ ಹೊಲಸನ್ನು ಅವನು ತೊಳೆದು ತನ್ನ ಕೈಗೇ ಕೊಟ್ಟಂತಿತ್ತು, ಹೆಂಡತಿಯ ಮುಂದೆ ಕೂತುಕೊಂಡು, ಅದೂ ದನಿ ಚಲೋ ಐತಿ ಎಂದು ಹೊಗಳಿ. ಅಳುತ್ತ ಕೂತವರೇ ತನ್ನ ನಾಚಿಕೆಯನ್ನು ಮನೆಗೆ ಬಂದ ಅತಿಥಿಯಂತೆ ಉಪಚರಿಸಬೇಕಾಯಿತಲ್ಲ ಎನಿಸಿತು. ಸಂಜೆ ಮನೆಗೆ ಹೋಗಿ ಆ ಚಿತ್ರಗಳನ್ನೆಲ್ಲ ಕುಬಸದಿಂದ ತೆಗೆಯಬೇಕು, ನಸುಕಿನಲ್ಲಿ ಕರೆ ಬಂದರೆ ಅಪ್ಪನ ಮೊಬೈಲೇ ರಿಂಗಾಗಬೇಕು, ಆ್ಯಪಿನಲ್ಲಿ ಮಾತಾಡದ ಒಂದು ಜಾಗ ಬಿಡಬೇಕು, ಅಪ್ಪನಿಗೆ ನಿಜ ಹೇಳಬೇಕು. ಇಷ್ಟೆಲ್ಲ ಅವಳಿಗೆ ಅಲ್ಲೇ ಹೊಳೆಯಿತು, ಹೊಳೆದದ್ದಕ್ಕೂ ನಾಚಿಕೆಯಾಯಿತು. ಸತ್ತವಳಿಗೆ ಸೀರೆ ಉಡಿಸುತ್ತಿದ್ದಾರೆ, ಇವಳು ಆ್ಯಪು ರಿಪೇರಿ ಮಾಡುತ್ತಿದ್ದಾಳೆ.

ದುಪ್ಪಟಿ ಸರಿದಾಗ ಹನುಮವ್ವ ಹಸಿರು ಸೀರೆಯಲ್ಲಿ ಕೂತಿದ್ದಳು. ಸೆರಗನ್ನು ತಲೆಯ ಮೇಲೆ ಎಳೆದಿದ್ದರು. ನೋಡಬಾರದೆಂದುಕೊಂಡರೂ ಬನಶ್ರೀ ನೋಡಿದಳು, ಕುಬಸಕ್ಕೆ ಕೂಡಿಸಿದ ಹೆಣ್ಣೂ ಹೀಗೇ ಗೋಡೆಗೆ ಒರಗಿ, ಹೀಗೇ ಕೈತುಂಬ ಬಳೆ ತೊಟ್ಟು ಕೂತಿರುತ್ತಾಳೆ ಎನಿಸಿ ಕಣ್ಣು ಕಿತ್ತುಕೊಂಡಳು. ಇನ್ನು ಹೋಗಬೇಕು. ಕೊಟ್ಟು ಸುಮ್ಮನ ಬಾ. ಸುಮ್ಮನೆ ತಿರುಗಬೇಕು, ಏನೂ ಅನ್ನಬಾರದು, ಇದೊಂದನ್ನಾದರೂ ಸರಿಯಾಗಿ ಮಾಡಬೇಕು. ಅವಳು ಎರಡೂ ಕೈ ಜೋಡಿಸಿದಳು, ಒಂದು ಹೆಜ್ಜೆ ಹಿಂದಿಟ್ಟಳು, ದ್ಯಾಮಪ್ಪ ತಿರುಗಿ ನೋಡಿ ತಲೆಯಾಡಿಸಿದ. ಯಾರ ಮನೆಯಿಂದ ಹೊರಟರೂ, ಯಾರು ತಲೆಯಾಡಿಸಿದರೂ, ಹುಟ್ಟಿದಾಗಿನಿಂದ ಆಡಿ ಆಡಿ ಸವೆದ ಮಾತು ಅವಳ ಬಾಯಿಂದ, ಅದೇ ಚಲೋ ದನಿಯಲ್ಲಿ, ಜಾರಿ ಹೊರಗೆ ಬಿತ್ತು.

"ಬರ್ತೀನ್ರಿ."

ಶಿವನಪ್ಪ ಕಣ್ಣು ಮುಚ್ಚಿದ. ಬನಶ್ರೀ ಕೈಯಿಂದ ಬಾಯಿ ಮುಚ್ಚಿಕೊಂಡು ಹೊಸ್ತಿಲಾಚೆ ನಿಂತಿದ್ದಳು, ಹೋಗಲೂ ಆಗದೆ, ನಿಲ್ಲಲೂ ಆಗದೆ. ಮುದುಕವ್ವ ತಲೆ ಎತ್ತಲಿಲ್ಲ, ಹನುಮವ್ವನ ತೊಡೆಯ ಮೇಲಿನ ನಿರಿಗೆಯನ್ನು ಒಂದೊಂದಾಗಿ ಸರಿಪಡಿಸುತ್ತಿದ್ದಳು.

"ಹೋಗವ್ವಾ," ಅಂದಳು.